ಡಾಕ್ಟ್ರ ಬೆನ್ನಿಗೆ ಸ್ಕೂಲ್ ಬ್ಯಾಗು

ನಮ್ಮ ಕಡೆ ಓದು ಮುಗಿಸುವುದಕ್ಕೊಂದು ವಯಸ್ಸಿದೆ. ಅದು ದಾಟಿದ ಮೇಲೂ ಪುಸ್ತಕ ಹಿಡಿದವರನ್ನು ಊರು ಅನುಮಾನದಿಂದಲೇ ನೋಡುತ್ತದೆ. ಇಪ್ಪತ್ತೈದಕ್ಕೆ ಓದುತ್ತಿದ್ದರೆ ‘ಪಾಪ, ಕೆಲಸ ಸಿಕ್ಕಿಲ್ಲ’, ಮೂವತ್ತಕ್ಕೆ ಓದುತ್ತಿದ್ದರೆ ‘ಹೆಣ್ಣು ಸಿಕ್ಕಿಲ್ಲ’, ನಲವತ್ತೈದಕ್ಕೆ ಓದುತ್ತಿದ್ದರೆ ‘ಮನೇಲಿ ಏನೋ ಸರಿಯಿಲ್ಲ’. ಅರಸೀಕೆರೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡು, ಅಪ್ಪಂದಿರ ಹಲ್ಲು ಕಿತ್ತು ಮಕ್ಕಳ ಹಲ್ಲಿಗೆ ತಂತಿ ಕಟ್ಟಿ ಹೆಸರು ಮಾಡಿರುವ ನಮ್ಮ ಭಾವ, ತಿಂಗಳಿಗೊಂದು ಶನಿವಾರ ಬ್ಯಾಗು ಏರಿಸಿಕೊಂಡು ಬೆಂಗಳೂರಿನ ರೈಲು ಹತ್ತತೊಡಗಿದಾಗ ಊರಿನಲ್ಲಿ ತರಹೇವಾರಿ ಸುದ್ದಿ ಹುಟ್ಟಿದವು. ಸೈಟು ತಗೊಂಡಿದ್ದಾರಂತೆ ಎಂದರು ಕೆಲವರು. ಮಗಳಿಗೆ ಗಂಡು ನೋಡ್ತಿದ್ದಾರಂತೆ ಎಂದರು ಇನ್ನು ಕೆಲವರು. ಎಲ್ಲಕ್ಕಿಂತ ಚೆನ್ನಾಗಿ ಓಡಿದ ಸುದ್ದಿ ಮಾತ್ರ, ‘ಡಾಕ್ಟ್ರು ಒಂದು ಸಬ್ಜೆಕ್ಟು ಬಾಕಿ ಇಟ್ಕೊಂಡಿದ್ರಂತೆ, ಈಗ ಕಟ್ಟಿದಾರಂತೆ’ ಎನ್ನುವುದು. ಅದನ್ನು ನಂಬಿದ ಯಜಮಾನರೊಬ್ಬರು ಬಾಯಿ ತೆರೆದು ತಮ್ಮ ಹಳೇ ಫಿಲ್ಲಿಂಗ್ ತೋರಿಸಿ, ‘ಇದು ಪಾಸಾಗೋಕೆ ಮುಂಚೆ ಮಾಡಿದ್ದೋ, ಆಮೇಲೋ?’ ಎಂದು ಕೇಳಿಯೂ ಬಿಟ್ಟರಂತೆ.

ಅಸಲಿಗೆ ಭಾವ ಕಲಿಯಲು ಹೋಗುತ್ತಿದ್ದದ್ದು ಇಂಪ್ಲಾಂಟು. ಬಿದ್ದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ವಿದ್ಯೆ. ‘ಬಿಡಿಎಸ್‌ನಲ್ಲೇ ಇದನ್ನ ಕಲಿಸಿರಲಿಲ್ವಾ ಭಾವ?’ ಎಂದೆ. ‘ಕಲಿಸಿದ್ರಪ್ಪ, ಒಂದು ಚಾಪ್ಟರು. ಈಜೋದು ಹೇಗೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದ್ರು’ ಎಂದರು. ಇಂಟರ್ನ್‌ಶಿಪ್ಪೂ ಸೇರಿ ಐದು ವರ್ಷದ ಬಿಡಿಎಸ್ ಮುಗಿದ ಮೇಲೆ ಮೂರು ವರ್ಷದ ಎಂಡಿಎಸ್ ಉಂಟು. ಅದರಲ್ಲಿ ಒಂಬತ್ತು ಶಾಖೆ. ಸೊಟ್ಟ ಹಲ್ಲು ನೆಟ್ಟಗೆ ಮಾಡುವುದಕ್ಕೊಂದು, ಒಸಡಿಗೊಂದು, ಮಕ್ಕಳ ಹಲ್ಲಿಗೊಂದು, ದವಡೆ ಸರ್ಜರಿಗೊಂದು, ಹೀಗೆ. ಇಂಪ್ಲಾಂಟಿಗೆಂದೇ ಪ್ರತ್ಯೇಕ ಶಾಖೆಯಿಲ್ಲ. ಕೊಯ್ಯುವುದು ಸರ್ಜರಿಯವರ ಕೆಲಸ, ಒಸಡು ಕಾಯುವುದು ಒಸಡಿನವರದು, ಮೇಲೆ ಹಲ್ಲು ಕಟ್ಟುವುದು ಪ್ರಾಸ್ಥೊಡಾಂಟಿಕ್ಸ್‌ನವರದು. ಈ ಮೂವರ ಹೊಲದ ಬದು ಕೂಡುವಲ್ಲಿ ಇಂಪ್ಲಾಂಟು ನಿಂತಿದೆ. ಬ್ರಿಟನ್ನಿನಲ್ಲೂ ಅಷ್ಟೇ, ಅಲ್ಲಿನ ಡೆಂಟಲ್ ಕೌನ್ಸಿಲ್ಲಿನ ಸ್ಪೆಷಲಿಸ್ಟ್ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಹಾಗಾಗಿ ಅಲ್ಲಿಯೂ ಇಲ್ಲಿಯೂ ಕ್ಲಿನಿಕ್ ನಡೆಸುವ ಡಾಕ್ಟರುಗಳು ಬಿಡುವಿನಲ್ಲಿ ಡಿಪ್ಲೊಮಾ, ಫೆಲೋಶಿಪ್, ಸರ್ಟಿಫಿಕೇಟ್ ಎಂದು ಓದಬೇಕು. ನಮ್ಮ ಇಗ್ನೋ ಕೂಡ ಡೆಂಟಲ್ ಕೌನ್ಸಿಲ್ ಜೊತೆ ಸೇರಿ ಇಂಥದೊಂದು ಸರ್ಟಿಫಿಕೇಟ್ ಕೋರ್ಸು ನಡೆಸಿದ್ದುಂಟು.

ಕ್ಲಾಸಿನ ಸಮಾಚಾರ ಕೇಳಬೇಕು. ಊರಿನಲ್ಲಿ ಭಾವ ಕೆಮ್ಮಿದರೆ ನರ್ಸು ಓಡಿ ಬರುತ್ತಾಳೆ. ಅಲ್ಲಿ ಡೌಟು ಕೇಳಲು ಕೈ ಎತ್ತಿ ಕೂರಬೇಕು. ಪಾಠ ಹೇಳುವವರಲ್ಲಿ ಅರ್ಧ ಮಂದಿ ಇವರಿಗಿಂತ ಕಿರಿಯರು. ಪಕ್ಕದ ಬೆಂಚಿನಲ್ಲಿ ದಾವಣಗೆರೆಯವರೊಬ್ಬರು, ಹಿಂದೆ ಬೆಳಗಾವಿಯವರು, ಮುಂದೆ ಮೊನ್ನೆ ಮೊನ್ನೆ ಪಾಸಾದ ಹುಡುಗಿ. ಮಧ್ಯಾಹ್ನದ ಊಟವಾದ ಮೇಲೆ ದೀಪ ಆರಿಸಿ ಸ್ಲೈಡು ಹಾಕಿದರೆ ಅನುಭವಿಗಳೆಲ್ಲ ಕಣ್ಣು ಮುಚ್ಚಿ ಆಲಿಸುತ್ತಾರೆ. ಹುಡುಗಿ ಒಬ್ಬಳೇ ನೋಟ್ಸ್ ಬರೆಯುತ್ತಾಳೆ. ಸಂಜೆ ಎಲ್ಲರೂ ಅದರ ಫೋಟೊ ತೆಗೆದುಕೊಳ್ಳುತ್ತಾರೆ.

ಸ್ಲೈಡುಗಳಲ್ಲಿ ಮೊದಲು ಬರುವುದು ಮೊಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ, ಎಲುಬಿನೊಳಗೆ ರಕ್ತ ಹರಿಯುವ ಬಗೆ ನೋಡಲು ಮೊಲದ ಕಾಲಿನಲ್ಲಿ ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿಯಿತು, ಸಾಧನ ದುಬಾರಿ, ಬಿಚ್ಚಿ ಇನ್ನೊಂದು ಮೊಲಕ್ಕೆ ಹಾಕೋಣ ಎಂದು ಹೋದರೆ ಅದು ಬರಲೊಲ್ಲದು. ಎಲುಬು ಅದನ್ನು ತನ್ನದೇ ಎಂದು ಅಪ್ಪಿಕೊಂಡಿತ್ತು. ಬೇರೆಯವರಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದರೇನೋ. ಇವರು ಅದರ ಬೆನ್ನು ಬಿದ್ದರು, ನಾಯಿಗಳ ಮೇಲೆ ವರ್ಷಗಟ್ಟಲೆ ನೋಡಿದರು. ಮನುಷ್ಯನ ದವಡೆಗೆ ಬಂದದ್ದು 1965ರಲ್ಲಿ. ಗೋಸ್ಟಾ ಲಾರ್ಸನ್ ಎಂಬಾತನಿಗೆ ಹುಟ್ಟಿನಿಂದಲೇ ದವಡೆಯ ಆಕಾರ ಕೆಟ್ಟಿತ್ತು, ಸರಿಯಾಗಿ ಅಗಿಯಲೂ ಆಗುತ್ತಿರಲಿಲ್ಲ. ಅವನ ಬಾಯಿಯ ಇಂಪ್ಲಾಂಟುಗಳು 2006ರಲ್ಲಿ ಅವನು ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷ, ಕೆಲಸ ಮಾಡಿದವು. ಇಷ್ಟಾದರೂ ದಂತವೈದ್ಯರ ಲೋಕ ಬ್ರೋನೆಮಾರ್ಕರನ್ನು ಬಹಳ ಕಾಲ ನಂಬಲಿಲ್ಲ. ಅವರು ದಂತವೈದ್ಯರೇ ಅಲ್ಲವಲ್ಲ! 1982ರಲ್ಲಿ ಟೊರೊಂಟೊದಲ್ಲಿ ನಡೆದ ಸಮ್ಮೇಳನದ ಮೇಲೆಯೇ ಅಮೆರಿಕ, ಕೆನಡಾ ಕಡೆಯವರು ತಲೆದೂಗಿದ್ದು. ಮೊಲದಿಂದ ಟೊರೊಂಟೊಗೆ ಮೂವತ್ತು ವರ್ಷ. ಈಗ ಹೋಟೆಲ್ಲಿನ ಹಾಲಿನಲ್ಲಿ ಎರಡು ದಿನದಲ್ಲಿ ಕಲಿಸುತ್ತೇವೆ ಎಂದು ಜಾಹೀರಾತು ಬರುತ್ತದೆ, ಊಟ-ತಿಂಡಿ ಸೇರಿ.

ಕೈ ಪಳಗಿಸಿಕೊಳ್ಳಲು ಮೊದಲು ಪ್ಲಾಸ್ಟಿಕ್ ದವಡೆ, ಆಮೇಲೆ ಕುರಿಯ ದವಡೆ. ಮನೆಯಲ್ಲೂ ಅಭ್ಯಾಸ ಮಾಡೋಣವೆಂದು ಭಾವ ಮಟನ್ ಅಂಗಡಿಗೆ ಹೋದರು. ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಅಂಗಡಿಯ ಸಾಬರು ಡಾಕ್ಟರನ್ನು ಕಂಡು ಗಾಬರಿಯಾಗಿ ಎದ್ದು ನಿಂತರಂತೆ. ‘ಬರೀ ಕೆಳದವಡೆ ಸಾಕು’ ಎಂದರೆ, ‘ನಾಲಿಗೇನೇ ರುಚಿ ಸ್ವಾಮಿ, ಅದೂ ಇರಲಿ’ ಎಂದು ಪ್ರೀತಿಯಿಂದ ಕಟ್ಟಿಕೊಟ್ಟರು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿ ಅದನ್ನು ಕಂಡ ಅಕ್ಕ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆ ಕುರಿ ಅಂದೇ ಕ್ಲಿನಿಕ್ಕಿಗೆ ವರ್ಗವಾಯಿತು.

ಕುರಿಯಿಂದ ಕೈಗೆ ತಿಳಿಯುವುದು ಬಹಳ. ಎಲುಬೆಲ್ಲ ಒಂದೇ ಅಲ್ಲ. ನಮ್ಮ ಬಾಯಲ್ಲೂ ಕೆಳದವಡೆಯ ಮುಂಭಾಗ ಗಟ್ಟಿ, ಮೇಲ್ದವಡೆಯ ಹಿಂಭಾಗ ಮೆದು. ಗಟ್ಟಿಯೆಂದು ಡ್ರಿಲ್ಲನ್ನು ಒತ್ತಿ ಹಿಡಿದರೆ ಬಿಸಿಯಾಗುತ್ತದೆ. ಎಲುಬಿನ ಬಿಸಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ನಿಂತರೆ ಸಾಕು, ಎಲುಬು ಕೆಡುತ್ತದೆ. ನಾವು ಊದಿ ಕುಡಿಯುವ ಕಾಫಿ ಅದಕ್ಕಿಂತ ಬಿಸಿ! ಅದಕ್ಕೇ ಸಲೈನ್ ನೀರು ಸುರಿಯುತ್ತಲೇ ಕೊರೆಯಬೇಕು. ಕೆಳದವಡೆಯೊಳಗೆ ತುಟಿಗೆ ಹೋಗುವ ನರವಿದೆ. ಅದಕ್ಕೆ ಎರಡು ಮಿಲಿಮೀಟರ್ ಆದರೂ ದೂರ ಬಿಡಬೇಕು. ಇಲ್ಲದಿದ್ದರೆ ಹಲ್ಲು ಬಂದರೂ ತುಟಿ ಮರಗಟ್ಟುತ್ತದೆ. ಮೇಲೆ ಹೋದರೆ ಸೈನಸ್ಸಿನ ಗಾಳಿಗೂಡು. ಸಾದಾ ಎಕ್ಸ್‌ರೇಯಲ್ಲಿ ಉದ್ದ ಕಾಣುತ್ತದೆ, ಅಗಲ ಕಾಣುವುದಿಲ್ಲ. ಅದಕ್ಕೆ ಸಿಬಿಸಿಟಿ ಸ್ಕ್ಯಾನು.

ಇಷ್ಟನ್ನು ಬುದ್ಧಿವಂತರು ಒಂದು ವಾರದಲ್ಲಿ ಕಲಿತಾರು. ಹಾಗಿದ್ದ ಮೇಲೆ ಕೋರ್ಸು ವರ್ಷಗಟ್ಟಲೆ ಏಕೆ? ಫೀಸು ಎಣಿಸಲಿಕ್ಕೆ ಅಂತಲೇ ನಾನೂ ತಿಳಿದಿದ್ದೆ. ಫೀಸೂ ಕಡಿಮೆಯಿಲ್ಲ, ಅದರ ಮೇಲೆ ಶನಿವಾರ-ಭಾನುವಾರ ಕ್ಲಿನಿಕ್ ಮುಚ್ಚಿದ ನಷ್ಟ. ನೌಕರಿಯವರೆಲ್ಲ ಹಲ್ಲು ತೋರಿಸಲು ಬರುವುದು ಅವತ್ತೇ. ಭಾವ ಹೇಳಿದ ಕಾರಣ ಬೇರೆ. ಸ್ಕ್ರೂ ಹಾಕಿದ ದಿನ ಬಿಗಿಯಾಗಿಯೇ ಇರುತ್ತದೆ, ಡಾಕ್ಟರು ಬೀಗುತ್ತಾರೆ. ಆದರೆ ಅದು ಬರೀ ತಿರುಪಿನ ಬಿಗಿ. ಮೂರು-ನಾಲ್ಕನೇ ವಾರದ ಹೊತ್ತಿಗೆ ಸುತ್ತಲಿನ ಹಳೇ ಎಲುಬು ಕರಗಿ, ಹೊಸದು ಇನ್ನೂ ಪೂರಾ ಬೆಳೆದಿರದೆ ಹಿಡಿತ ಸಡಿಲವಾಗುತ್ತದೆ. ಆಮೇಲೆ ನಿಧಾನವಾಗಿ ನಿಜವಾದ ಬೆಸುಗೆ. ಹಳೇ ಲೆಕ್ಕದಲ್ಲಿ ಕೆಳಗೆ ಮೂರು ತಿಂಗಳು, ಮೇಲೆ ಆರು. ಈಗ ಅದೇ ದಿನ ಹಲ್ಲು ಕೂರಿಸುವ ವಿಧಾನವೂ ಇದೆ, ಆದರೆ ಎಲ್ಲರ ದವಡೆಗೂ ಅದು ಒಗ್ಗದು. ಅಂದಮೇಲೆ ಈ ಭಾನುವಾರ ಮಾಡಿದ್ದು ಸರಿಯೋ ತಪ್ಪೋ ಈ ಭಾನುವಾರ ತಿಳಿಯುವುದೇ ಇಲ್ಲ. ಮೇಷ್ಟರು ಹೇಳುವ ಮಾರ್ಕ್ಸನ್ನು ಎಲುಬು ಮೂರು ತಿಂಗಳ ಮೇಲೆ ತಿದ್ದುತ್ತದೆ. ವರ್ಷದ ಕೊನೆಯ ಎಕ್ಸ್‌ರೇ ಇನ್ನೊಮ್ಮೆ ತಿದ್ದುತ್ತದೆ. ಎರಡು ದಿನದ ಕೋರ್ಸಿನವನು ತನ್ನ ರಿಸಲ್ಟು ನೋಡುವ ಮೊದಲೇ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿರುತ್ತಾನೆ. ಆ ಕೋರ್ಸನ್ನು ಕಂಪನಿಯೇ ನಡೆಸಿದ್ದರಂತೂ ಆ ಕಂಪನಿಯ ಸ್ಕ್ರೂ, ಆ ಕಂಪನಿಯ ತಿರುಪುಳಿ. ಇನ್ನೊಂದಕ್ಕೆ ಅದು ಕೂರುವುದಿಲ್ಲ.

ಅದಕ್ಕೇ ತಿಂಗಳಿಗೊಮ್ಮೆ ಹೋಗುವ ಅರೆಕಾಲಿಕ ಓದು ಇಲ್ಲಿ ಕೊರತೆಯಲ್ಲ, ಇದೇ ಸರಿಯಾದ ವೇಗ ಎನ್ನುವುದು ನನ್ನ ವಾದ. ನಡುವಿನ ದಿನಗಳಲ್ಲಿ ಡಾಕ್ಟರು ತಮ್ಮ ರೋಗಿಯನ್ನು ಹೊಸ ಕಣ್ಣಿನಿಂದ ನೋಡುತ್ತಾರೆ, ಕೇಸು ಬರೆದು ಒಯ್ಯುತ್ತಾರೆ, ಬೈಸಿಕೊಂಡು ಬರುತ್ತಾರೆ. ಕೋರ್ಸಿನ ಮೊದಲ ಫಲವಾಗಿ ಭಾವ ಇಂಪ್ಲಾಂಟು ಹಾಕುವುದಕ್ಕಿಂತ ಹೆಚ್ಚಾಗಿ ‘ಬೇಡ’ ಎನ್ನಲು ಕಲಿತರು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಈಗಲೇ ಬೇಡ, ಬೀಡಿ-ಗುಟ್ಕಾ ಬಿಡದವರಿಗೆ ಬೇಡ. ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಳ್ಳುವ ಅಜ್ಜಿಗೆ, ‘ಮೊದಲು ನಿಮ್ಮ ಡಾಕ್ಟ್ರ ಚೀಟಿ ತನ್ನಿ.’ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಬಂದು, ‘ಬರೋ ತಿಂಗಳು ಮಗಳ ಮದುವೆ, ಅಷ್ಟರೊಳಗೆ ನಾಲ್ಕೂ ಹಾಕಿಬಿಡಿ, ರೇಟು ಹೇಳಿ’ ಎಂದರು. ಭಾವ ಫೋಟೊಕ್ಕೆ ಸಾಕಾಗುವಂಥ ತೆಗೆದು ಹಾಕುವ ಸೆಟ್ಟು ಮಾಡಿಕೊಟ್ಟು, ‘ಸಿಗರೇಟು ಬಿಟ್ಟು ಮೂರು ತಿಂಗಳು ತೋರಿಸಿ, ಆಮೇಲೆ ಮಾತಾಡೋಣ’ ಎಂದರು. ಸಾಹುಕಾರರು ಹೊರಗೆ ಹೋಗಿ, ‘ಇವರಿಗಿನ್ನೂ ಪೂರ್ತಿ ಬರಲ್ಲ ಅನ್ಸುತ್ತೆ, ಇನ್ನೂ ಓದ್ತಾ ಇದಾರಲ್ಲ’ ಎಂದು ಸಾರಿದರು.

ಇಂಪ್ಲಾಂಟಿಗೆಂದು ಹೋಗುವವರೆಲ್ಲ ಕೇಳುವುದು ಎರಡೇ ಪ್ರಶ್ನೆ: ನೋವಾಗುತ್ತಾ, ಎಷ್ಟಾಗುತ್ತೆ. ಗೋಡೆಯ ಸರ್ಟಿಫಿಕೇಟನ್ನು ಓದುವವರಿಲ್ಲ, ಓದಿದರೂ ಎರಡು ದಿನದ್ದೋ ಎರಡು ವರ್ಷದ್ದೋ ಚಿನ್ನದ ಅಕ್ಷರ ಹೇಳುವುದಿಲ್ಲ. ನನ್ನ ಮಾತು ಕೇಳುವುದಾದರೆ ಮೂರನೇ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಿ: ‘ಡಾಕ್ಟ್ರೇ, ಎಂಥವರಿಗೆ ನೀವು ಇದನ್ನ ಹಾಕಲ್ಲ?’ ಪಟ್ಟಿ ಉದ್ದವಾಗಿದ್ದರೆ ಕುರ್ಚಿಯ ಮೇಲೆ ಒರಗಿ. ‘ಹಾಗೇನಿಲ್ಲ, ಎಲ್ಲರಿಗೂ ಹಾಕ್ತೀವಿ’ ಎಂದರೆ ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ನೋಡಿಕೊಳ್ಳಿ.