ಮನೆಯ ಚಿತ್ರಭಂಡಾರ

ಪುಸ್ತಕಗಳನ್ನು ಕೂಡಿಡುವವನಿಗೆ ಲೋಕದಲ್ಲಿ ಒಂದು ಮರ್ಯಾದೆಯುಂಟು. ಮನೆ ತುಂಬ ಗ್ರಂಥಗಳಿದ್ದರೆ ಬಂದವರು ಯಜಮಾನನನ್ನು ವಿದ್ವಾಂಸನೆಂದೇ ಭಾವಿಸುತ್ತಾರೆ. ಇವುಗಳಲ್ಲಿ ಎಷ್ಟನ್ನು ಓದಿದ್ದೀರಿ ಎಂದು ಕೇಳುವ ಅವಿವೇಕವನ್ನು ಯಾರೂ ಮಾಡುವುದಿಲ್ಲ. ಚಲಚ್ಚಿತ್ರಗಳನ್ನು ಕೂಡಿಡುವವನ ಪಾಡು ಬೇರೆ. ಅವನು ಇಟ್ಟುಕೊಂಡಿರುವುದನ್ನೆಲ್ಲ ನೋಡಿಯೇ ಇರುತ್ತಾನೆಂದು ಜನ ನಂಬುತ್ತಾರೆ. ನಂಬಿ, ಇಷ್ಟು ಹೊತ್ತು ಹಾಳುಮಾಡಿದನಲ್ಲಾ ಎಂದು ಮರುಗುತ್ತಾರೆ. ನಮ್ಮ ತಂದೆಯವರು ಈ ಎರಡನೆಯ ಪಂಗಡಕ್ಕೆ ಸೇರಿದವರು.

ಲೆಕ್ಕಪತ್ರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು ೧೯೮೫ರಲ್ಲಿ ವಿ.ಸಿ.ಆರ್. ಎಂಬ ಯಂತ್ರವನ್ನು ಕೊಂಡುತಂದಾಗ ಜಯನಗರದ ನಮ್ಮ ಬೀದಿಯಲ್ಲಿ ಅದೊಂದು ಸಣ್ಣ ಸುದ್ದಿಯೇ ಆಯಿತು. ಅಮ್ಮನ ಚಿನ್ನದ ಸರ ಅದರೊಳಕ್ಕೆ ಹೋಯಿತೆಂದು ಬಂಧುಗಳು ಆಡಿಕೊಂಡರು. ಅದು ಸುಳ್ಳು; ಹೋದದ್ದು ಅಮ್ಮನ ಚೀಟಿಯ ಹಣ. ದೂರದರ್ಶನದಲ್ಲಿ ಕನ್ನಡ ಚಿತ್ರ ಬರುವ ಸಂಜೆ ತಂದೆಯವರು ಸ್ನಾನ ಮಾಡಿ, ಶುಭ್ರವಾದ ಪಂಚೆಯುಟ್ಟು, ಯಂತ್ರದ ಮುಂದೆ ಮಣೆ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು. ಜಾಹೀರಾತು ಬಂದರೆ ನಿಲ್ಲಿಸುವುದು, ಚಿತ್ರ ಬಂದರೆ ಮತ್ತೆ ಚಾಲೂ ಮಾಡುವುದು. ಇದರಲ್ಲಿ ಅವರಿಗಿದ್ದ ಹಸ್ತಕೌಶಲ ವೀಣೆಯವರಿಗೆ ಸಲ್ಲತಕ್ಕದ್ದು. ನಾಲ್ಕನೆಯ ಬ್ಲಾಕಿನ ಪುಟ್ಟಣ್ಣ ಚಿತ್ರಮಂದಿರ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಕಾಲ ಅದು. ಈಗ ಆ ಮಂದಿರವೂ ಇಲ್ಲ. ಮನೆಯ ಮಗ್ಗುಲಲ್ಲೇ ಚಿತ್ರಮಂದಿರವಿದ್ದವರು ಮನೆಯಲ್ಲೊಂದು ಚಿತ್ರಮಂದಿರವನ್ನು ಯಾತಕ್ಕೆ ಕಟ್ಟಿಕೊಂಡರೆಂದು ಕೇಳಿದರೆ, “ಅಲ್ಲಿ ಬಂದದ್ದು ಹೋಗಿಬಿಡುತ್ತದಲ್ಲ” ಎನ್ನುತ್ತಿದ್ದರು.

ಹೋಗಿಬಿಡುತ್ತದೆಂಬ ಭಯ ಅವರಿಗೆ ಸುಮ್ಮನೆ ಬಂದದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತೀ ಸುಲೋಚನ’ ೧೯೩೪ರ ಮಾರ್ಚಿಯಲ್ಲಿ ನಮ್ಮ ಊರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಸುಬ್ಬಯ್ಯನಾಯ್ಡು ಅವರ ರಾವಣಪುತ್ರನನ್ನೂ ನಾಗೇಂದ್ರರಾಯರ ರಾವಣನನ್ನೂ ನಮ್ಮ ತಾತ ಅಲ್ಲಿಯೇ ಕಂಡವರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕೈಲಾಸಂ ಅವರೂ ಕಮಲಾದೇವಿ ಚಟ್ಟೋಪಾಧ್ಯಾಯರೂ ಅಭಿನಯಿಸಿದ ೧೯೩೧ರ ‘ಮೃಚ್ಛಕಟಿಕ’ವೆಂಬ ಮೂಕಚಿತ್ರದ ಗತಿಯೂ ಹಾಗೆಯೇ ಆಯಿತು. ಪುಣೆಯಲ್ಲಿ ಸರಕಾರ ಚಲಚ್ಚಿತ್ರಗಳಿಗೊಂದು ಭಂಡಾರವನ್ನು ಏರ್ಪಡಿಸಿದ್ದು ೧೯೬೪ರಲ್ಲಿ. ಅಷ್ಟರಲ್ಲಿ ವಾಕ್ಚಿತ್ರಕ್ಕೆ ಮೂವತ್ತು ವರ್ಷ ತುಂಬಿಹೋಗಿತ್ತು. ಹಳೆಯ ನೈಟ್ರೇಟ್ ಸುರುಳಿಗಳು ಬೆಂಕಿಗೆ ಬೆಂಕಿಯೇ ಸರಿ. ಹತ್ತಿದರೆ ನೀರಿನಲ್ಲಿಯೂ ಆರುವುದಿಲ್ಲ. ೨೦೦೩ರ ಜನವರಿಯಲ್ಲಿ ಪುಣೆಯಲ್ಲಿಯೇ ಅಂಥ ಸುರುಳಿಗಳ ರಾಶಿಯೊಂದು ಸುಟ್ಟುಹೋಯಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ತಂದೆಯವರು ರಾತ್ರಿಯ ಊಟ ಮಾಡಲಿಲ್ಲ. ಮಾರನೆಯ ವರ್ಷ ಅವರೂ ಹೋದರು.

ಅವರು ಬಿಟ್ಟುಹೋದದ್ದು ಮೂರು ಬೀರುಗಳೂ, ಅಟ್ಟದ ಮೇಲಿನ ಹನ್ನೊಂದು ರಟ್ಟಿನ ಪೆಟ್ಟಿಗೆಗಳೂ, ಒಂದು ಖಾತೆ ಪುಸ್ತಕವೂ. ಇಪ್ಪತ್ತು ವರ್ಷ ನಾನು ಅವುಗಳ ತಂಟೆಗೆ ಹೋಗಲಿಲ್ಲ. ಈಗ ಆ ಮನೆಯನ್ನು ಕೆಡವಿ ಮಹಡಿಯ ಮೇಲೆ ಮಹಡಿ ಎಬ್ಬಿಸುವವರಿಗೆ ಒಪ್ಪಿಸಿಕೊಟ್ಟು, ನಾವು ಜೆ.ಪಿ. ನಗರದಲ್ಲಿ ಮೂರು ಕೋಣೆಯ ಫ್ಲಾಟಿಗೆ ಹೊರಡಬೇಕಾಗಿ ಬಂದುದರಿಂದ ಎಣಿಸಲೇಬೇಕಾಯಿತು. ಕ್ಯಾಸೆಟ್ಟುಗಳು ೬೧೨, ಕಡೆಗಾಲದಲ್ಲಿ ಕೊಂಡ ವಿ.ಸಿ.ಡಿ., ಡಿ.ವಿ.ಡಿ.ಗಳು ೪೩೦. ನನ್ನ ಹೆಂಡತಿ ಆ ಫ್ಲಾಟಿನ ಗೋಡೆಗಳನ್ನು ಅಳೆದು ಬಂದು, “ಏನೂಂದ್ರೆ, ಇವು ಒಳಗೆ ಬಂದರೆ ನಾವು ಹೊರಗೆ” ಎಂದು ಶಾಂತವಾಗಿಯೇ ಹೇಳಿದಳು. ಅವಳ ಅಳತೆಯಲ್ಲಿ ತಪ್ಪಿರಲಿಲ್ಲ.

ವಾಚಕರಲ್ಲಿ ಇಂಥ ಭಂಡಾರವುಳ್ಳವರು ಇರಬಹುದಾದ್ದರಿಂದ ನಾನು ಕಲಿತುಕೊಂಡದ್ದನ್ನು ಹೇಳಿಬಿಡುತ್ತೇನೆ. ಕ್ಯಾಸೆಟ್ಟುಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಮಲಗಿಸಬಾರದು. ಪುಸ್ತಕದಂತೆ ನಿಲ್ಲಿಸಬೇಕು, ಅದೂ ನಾಡವನ್ನು ಪೂರ್ತಿ ಒಂದು ಕಡೆಗೆ ಸುತ್ತಿ. ಆ ನಾಡವೆಂಬುದು ಕಬ್ಬಿಣದ ತುಕ್ಕಿನ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಪಾಲಿಯೆಸ್ಟರ್ ಪಟ್ಟಿ. ನಾವು ಕಂಡ ನಗುವೆಲ್ಲ, ಅಳುವೆಲ್ಲ ಆ ತುಕ್ಕಿನಲ್ಲಿರುವುದು. ಅಂಟು ಗಾಳಿಯ ತೇವವನ್ನು ಹೀರಿ ಜಿಗಟಾಗುತ್ತದೆ. ಆಮೇಲೆ ಯಂತ್ರಕ್ಕೆ ಹಾಕಿದರೆ ಪುಡಿ ಕಿತ್ತುಬಂದು ಚಿತ್ರವೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಬೆಂಗಳೂರಿನ ಹವೆ ಸುಖವಾದದ್ದೆಂದು ನಾವು ಹೆಮ್ಮೆಪಡುವುದುಂಟಷ್ಟೆ. ಜೂನಿನಿಂದ ಅಕ್ಟೋಬರಿನ ತನಕ ಆ ಸುಖ ಬೂಷ್ಟಿಗೂ ಅಷ್ಟೇ ಹಿಡಿಸುತ್ತದೆ. ಅಟ್ಟದ ಮೇಲಿದ್ದವುಗಳಲ್ಲಿ ನಲವತ್ತಕ್ಕೆ ಅಂಚಿನಲ್ಲಿ ಬಿಳಿಯ ರೋಮದಂತಹ ಬೂಷ್ಟು ಬಂದಿತ್ತು. ಅಮ್ಮ ರೇಷ್ಮೆಸೀರೆಗಳ ಬೀರುವಿನಿಂದ ನುಸಿಗುಳಿಗೆಗಳನ್ನು ತಂದು ಇವುಗಳ ನಡುವೆ ಇಡುತ್ತಿದ್ದಳು. ನುಸಿಗೂ ಬೂಷ್ಟಿಗೂ ಇರುವ ಭೇದ ಅವಳಿಗೆ ಬೇಕಾಗಿರಲಿಲ್ಲ. ತಾನೂ ಒಂದು ಕೈ ಹಚ್ಚಿದ್ದೇನೆಂದು ಗಂಡನಿಗೆ ತೋರಿಸುವುದು ಬೇಕಾಗಿತ್ತು.

ಇನ್ನೊಂದು ತೊಂದರೆಯೆಂದರೆ ಯಂತ್ರವೇ ಇಲ್ಲದಿರುವುದು. ಇವನ್ನು ತಯಾರಿಸುತ್ತಿದ್ದ ಜಪಾನಿನ ಕಡೆಯ ಕಂಪೆನಿಯಾದ ಫುನಾಯ್ ೨೦೧೬ರ ಜುಲೈಯಲ್ಲಿ ಕೈಬಿಟ್ಟಿತು. ಈಗ ಇರುವುದೆಲ್ಲ ಹಳೆಯವು. ಅವಕ್ಕೆ ಹಳೆಯವುಗಳಿಂದಲೇ ಅಂಗಗಳನ್ನು ಕಿತ್ತು ಜೋಡಿಸಬೇಕು. ಆದಕಾರಣ ಚಿತ್ರಗಳನ್ನು ಗಣಕಯಂತ್ರದೊಳಕ್ಕೆ ಇಳಿಸಿಕೊಳ್ಳುವುದೊಂದೇ ದಾರಿ. ಮೂರು ಗಂಟೆಯ ಕ್ಯಾಸೆಟ್ಟು ಇಳಿಯಲು ಮೂರೇ ಗಂಟೆ ಬೇಕು. ಅದರಲ್ಲಿ ಶಿಫಾರಸು ನಡೆಯುವುದಿಲ್ಲ. ೬೧೨ಕ್ಕೆ ೧೮೩೬ ಗಂಟೆಗಳು. ದಿನಕ್ಕೆ ಎಂಟರಂತೆ ದುಡಿದರೆ ಇನ್ನೂರಮೂವತ್ತು ದಿನ. ಇಳಿಸಿದ ಮೇಲೆಯೂ ನಿಶ್ಚಿಂತೆಯಿಲ್ಲ. ಹಾರ್ಡ್‌ಡಿಸ್ಕೆಂಬುದೂ ಒಂದು ದಿನ ಹೇಳದೆ ಕೇಳದೆ ಸತ್ತುಹೋಗತಕ್ಕ ವಸ್ತುವಾದ್ದರಿಂದ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಬೇಕು. ಆ ಮೂರನೆಯದನ್ನು ಬನಶಂಕರಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿಡುವುದೆಂದು ನಿಶ್ಚಯಿಸಿದೆ.

ವಿಂಗಡಿಸುವ ವಿಚಾರದಲ್ಲಿ ಮನೆಯಲ್ಲಿ ಒಂದು ವಾರ ವಾದ ನಡೆಯಿತು. ಅಕಾರಾದಿಯಾಗಿರಲೆಂದು ನಾನು ಹೇಳಿದೆ. ‘ಶ್ರೀ’ಕಾರದಿಂದ ಮೊದಲಾಗುವ ಹೆಸರುಗಳೇ ಒಂದು ಸಾಲು ತುಂಬಿದುವು, ದೇವರ ಚಿತ್ರಗಳನ್ನು ಶ್ರೀಯಲ್ಲಿ ಹುಡುಕಬೇಕೋ ದೇವರ ಹೆಸರಿನಲ್ಲಿ ಹುಡುಕಬೇಕೋ ಎಂಬ ಪ್ರಶ್ನೆ ಬಂದು ಅದು ಅಲ್ಲಿಗೇ ನಿಂತಿತು. ನಾಯಕನ ಹೆಸರಿನಲ್ಲಿಡೋಣವೆಂದರೆ ಇನ್ನೂರಕ್ಕೂ ಮೇಲ್ಪಟ್ಟ ಚಿತ್ರಗಳಲ್ಲಿ ಅಭಿನಯಿಸಿದ ರಾಜಕುಮಾರರಿಗೆ ಬೀರೊಂದನ್ನು ಪೂರ್ತಿ ಬಿಟ್ಟುಕೊಡಬೇಕು. ನಿರ್ದೇಶಕರ ಹೆಸರು ಮಗನಿಗೆ ರುಚಿಸಿತು, ಆದರೆ ಅವನಿಗೆ ತಿಳಿದಿದ್ದವರು ಪುಟ್ಟಣ್ಣ ಕಣಗಾಲರೊಬ್ಬರೇ. ಕಡೆಗೆ ತಂದೆಯವರ ಖಾತೆ ಪುಸ್ತಕದ ಸಂಖ್ಯಾಕ್ರಮವೇ ಇರಲಿ, ಎರಡೆರಡು ಇರುವುವುಗಳಲ್ಲಿ ಒಂದನ್ನೂ, ಅಂಗಡಿಯಲ್ಲಿ ಒಳ್ಳೆಯ ಪ್ರತಿ ದೊರೆಯುವುವನ್ನೂ ತೆಗೆದುಹಾಕುವುದು ಎಂದು ಒಪ್ಪಂದವಾಯಿತು. ಹಳೆಯ ಸಾಮಾನಿನವನನ್ನು ಕರೆಯುವ ದಿನವೂ ಗೊತ್ತಾಯಿತು.

ಖಾತೆ ಪುಸ್ತಕದಲ್ಲಿ ೪೧ನೆಯದು ‘ಬೇಡರ ಕಣ್ಣಪ್ಪ’, ಸಿಂಹ ಅವರು ನಿರ್ದೇಶಿಸಿದ ೧೯೫೪ರ ಚಿತ್ರ. ೧೧೮ನೆಯದೂ ‘ಬೇಡರ ಕಣ್ಣಪ್ಪ’. ಎರಡನೆಯದನ್ನು ತೆಗೆದು ಹಾಕುವ ರಾಶಿಗೆ ಎಸೆದೆ. ಎಸೆದಮೇಲೆ ಯೋಚನೆಯಾಯಿತು, ತಂದೆಯವರು ಒಂದು ಚಿತ್ರವನ್ನು ಎರಡು ಬಾರಿ ಹಿಡಿದವರೇ ಅಲ್ಲ. ಆರುನೂರಹನ್ನೆರಡರಲ್ಲಿ ಎರಡು ಬಾರಿ ಬಂದದ್ದು ಇದೊಂದೇ. ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರೆ ಆ ಹೆಸರಿನ ಕೆಳಗೆ ಬೇರೊಂದು ಬರಹವನ್ನು ಹೊಡೆದುಹಾಕಿತ್ತು. ‘ಮಗಳ ಮದುವೆ, ೧೯೮೭’ ಎಂದು ಕಷ್ಟಪಟ್ಟು ಓದಬಹುದಾಗಿತ್ತು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ಕಿನ ಎಸಳಿರುತ್ತದೆ. ಅದನ್ನು ಮುರಿದುಹಾಕಿದರೆ ಅದರ ಮೇಲೆ ಮತ್ತೇನನ್ನೂ ಮುದ್ರಿಸಲಾಗದು. ಮದುವೆಯ ಕ್ಯಾಸೆಟ್ಟುಗಳಿಗೆಲ್ಲ ಹಾಗೆ ಮಾಡುವುದು ವಾಡಿಕೆ. ಇದಕ್ಕೂ ಮುರಿದಿತ್ತು. ಆದರೆ ಮುರಿದ ತೂತಿನ ಮೇಲೆ ಸೆಲ್ಲೋಟೇಪನ್ನು ಒಪ್ಪವಾಗಿ ಅಂಟಿಸಿತ್ತು. ಹಾಗೆ ಅಂಟಿಸಿದರೆ ಯಂತ್ರ ಮೋಸಹೋಗಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಮೊದಲು ಇದನ್ನು ಗುಮಾಸ್ತರ ಮಿತವ್ಯಯವೆಂದುಕೊಂಡೆ. ಆದರೆ ಅದೇ ತಿಂಗಳ ಲೆಕ್ಕದಲ್ಲಿ ಹೊಸ ಕ್ಯಾಸೆಟ್ಟು ಆರು ಕೊಂಡದ್ದು ನಮೂದಾಗಿದೆ. ಕ್ಯಾಸೆಟ್ಟಿಗೆ ಬರವಿರಲಿಲ್ಲ.

ಅಕ್ಕ ಮದುವೆಯಾಗಿ ಮೂರು ವರ್ಷಕ್ಕೆ ತವರಿಗೆ ಹಿಂತಿರುಗಿದಳು. ಏನಾಯಿತೆಂಬುದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಅವಳು ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದಾಳೆ. ಮದುವೆಯ ಕ್ಯಾಸೆಟ್ಟನ್ನು ಯಾರೋ ನೋಡಲು ಒಯ್ದವರು ಹಿಂದಕ್ಕೆ ಕೊಡಲಿಲ್ಲವೆಂದು ನಮ್ಮ ಮನೆಯಲ್ಲಿ ಹೇಳಿಕೆಯಿತ್ತು. ಆ ಯಾರೋ ಯಾರೆಂದು ಕೇಳಿದವರಿಲ್ಲ. ಮಗಳು ಅದನ್ನು ನೋಡಿ ನೊಂದಾಳೆಂದು ತಂದೆಯವರು ತಮ್ಮ ಕೈಯಾರೆ ಅಳಿಸಿದರೆಂದು ನನಗೆ ನಿಶ್ಚಯವಾಯಿತು. ಏನನ್ನೂ ಕಳೆಯದ ಮನುಷ್ಯ ಒಂದನ್ನು ಕಳೆದಿದ್ದರು.

ರಾತ್ರಿ ಅದನ್ನು ಯಂತ್ರಕ್ಕೆ ಹಾಕಿ ಕಣ್ಣಪ್ಪನ ಕಥೆಯೆಲ್ಲ ಮುಗಿಯುವ ತನಕ ಕಾದೆ. ಪರದೆ ಒಂದು ಗಳಿಗೆ ಮಿಣುಗಿತು. ಆಮೇಲೆ ಬಣ್ಣ ಬಂತು. ಛತ್ರದ ಊಟದ ಪಂಕ್ತಿ, ಎಲೆಗಳ ಸಾಲು, ಹೆಗಲ ಮೇಲೆ ಟವಲು ಹಾಕಿಕೊಂಡು ಓಡಾಡುತ್ತಿರುವ ಹುಡುಗನಾಗಿ ನಾನು. ಪಂಕ್ತಿಯ ಕೊನೆಯಲ್ಲಿ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, “ಹೋಳಿಗೆಗೆ ತುಪ್ಪ ಎಲ್ಲಿ?” ಎಂದು ಯಾರನ್ನೋ ಗದರಿಕೊಳ್ಳುತ್ತಿದ್ದಾಳೆ, ದೀಪದ ಬೆಳಕು ಮುಖಕ್ಕೆ ಬೀಳುತ್ತಲೂ ಕೈಯನ್ನು ಅಡ್ಡಹಿಡಿದು, “ನನ್ನದೇನು ತೆಗೀತೀಯೆ, ಹುಡುಗಿಯದು ತೆಗಿ” ಎಂದು ನಗುತ್ತಾಳೆ. ಅಮ್ಮ ೧೯೯೪ರಲ್ಲಿ ತೀರಿಕೊಂಡವಳು. ಅವಳ ಛಾಯಾಚಿತ್ರಗಳು ನಾಲ್ಕಾರಿವೆ. ದನಿ ಎಲ್ಲಿಯೂ ಇರಲಿಲ್ಲ. ಹದಿನೆಂಟು ನಿಮಿಷವಿದ್ದ ಆ ಉಳಿಕೆಯಲ್ಲಿ ಅವಳು ಮೂರು ಬಾರಿ ಬರುತ್ತಾಳೆ. ಅವನೂ ಬರುತ್ತಾನೆ, ಅಕ್ಕನ ಮಗ್ಗುಲಲ್ಲಿ.

ಇದನ್ನು ಅಕ್ಕನಿಗೆ ತೋರಿಸಬೇಕೆ ಬೇಡವೆ ಎಂದು ನಾಲ್ಕು ದಿನ ಹೊಯ್ದಾಡಿದೆ. ಅವನು ಬರುವ ಭಾಗವನ್ನು ಕತ್ತರಿಸಿ ಅಮ್ಮನದಷ್ಟನ್ನೇ ಇಟ್ಟರಾಯಿತೆಂದು ಮಗ ಹೇಳಿದ. ಗಣಕಯಂತ್ರದಲ್ಲಿ ಅದು ಎರಡು ನಿಮಿಷದ ಕೆಲಸವಂತೆ. “ಕತ್ತರಿಸುವುದಕ್ಕೆ ನೀವು ಯಾರು? ಅದು ಅವರದು, ಅವರನ್ನು ಕೇಳಿ” ಎಂದಳು ನನ್ನ ಹೆಂಡತಿ.

ಅಕ್ಕ ಭಾನುವಾರ ಬಂದಳು. ಹದಿನೆಂಟು ನಿಮಿಷವನ್ನೂ ಮಾತಾಡದೆ ನೋಡಿದಳು. ಅಮ್ಮ ನಗುವಲ್ಲಿ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡಳು. ಮುಗಿದಮೇಲೆ, “ಅವರಿಗೆ ಆಗ ಅಷ್ಟೊಂದು ಕೂದಲಿತ್ತೆ!” ಎಂದಳು. ನಾನು ತಂದೆಯವರ ವಿಚಾರವಾಗಿ ನನಗೆ ತೋರಿದ್ದನ್ನು ಮೆಲ್ಲಗೆ ಹೇಳತೊಡಗಿದೆ.

“ಅಪ್ಪ ಅಲ್ಲ ಕಣೋ, ಟೇಪು ಅಂಟಿಸಿದವಳು ನಾನು” ಎಂದಳು ಅಕ್ಕ. “ಅವತ್ತು ಸಂಜೆ ಕಣ್ಣಪ್ಪ ಬರೋದಿತ್ತು. ಇದರ ಮೇಲೆ ಹಿಡೀರಿ ಅಂದೆ. ಅದು ನಮ್ಮಲ್ಲಿ ಇದೆಯಲ್ಲಮ್ಮ ಅಂದರು. ಇದರ ಮೇಲೇ ಹಿಡೀರಿ ಅಂದೆ. ಮುಗಿಯೋವರೆಗೂ ಇಬ್ಬರೂ ಕೂತಿದ್ದೆವು. ಕೊನೇವರೆಗೂ ಓಡಲಿ, ಎಲ್ಲಾ ಹೋಗಲಿ ಅಂತ ನಾನು. ಅವರು ಚಿತ್ರ ಮುಗಿದ ತಕ್ಷಣ ಕೈ ಚಾಚಿ ನಿಲ್ಲಿಸಿಬಿಟ್ಟರು. ಕಣ್ಣಪ್ಪ ಮುಗೀತು, ಇನ್ನು ಸುಮ್ಮನೆ ನಾಡ ಸವೆಯುತ್ತೆ ಅಂದರು.”

ಅಮ್ಮನ ಭಾಗವನ್ನು ಇನ್ನೊಮ್ಮೆ ಹಾಕೆಂದಳು, ಹಾಕಿದೆ. ಹೊಸ ಪಟ್ಟಿಯಲ್ಲಿ ಇದನ್ನು ಯಾವ ಹೆಸರಿನಲ್ಲಿ ಬರೆಯಲೆಂದು ಕೇಳಿದ್ದಕ್ಕೆ ತಂದೆಯವರ ಪುಸ್ತಕವನ್ನು ತೆಗೆದುಕೊಂಡು ಆ ಹೊಡೆದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಬೇಡರ ಕಣ್ಣಪ್ಪ, ಎರಡನೇ ಪ್ರತಿ. ಹಾಗೇ ಇರಲಿ. ಎಲ್ಲಿದೆ ಅಂತ ನನಗೆ ಗೊತ್ತಿರುತ್ತಲ್ಲ” ಎಂದಳು. ಹಾಗೆಯೇ ಬರೆದಿದ್ದೇನೆ. ಸೆಲ್ಲೋಟೇಪನ್ನು ಕಿತ್ತುಹಾಕಿದ್ದೇನೆ.

ಹಳೆಯ ಸಾಮಾನಿನವನನ್ನು ಬರಬೇಡವೆಂದು ಹೇಳಿಕಳುಹಿಸಿದ್ದಾಯಿತು. ಇಳಿಸುವ ಕೆಲಸ ನಿನ್ನೆಗೆ ೧೩೧ನೆಯದರವರೆಗೆ ಬಂದಿದೆ. ಪ್ರತಿಯೊಂದರ ಬಾಲವನ್ನೂ ಕಡೆಯ ತನಕ ಓಡಿಸಿ ನೋಡುತ್ತಿರುವುದರಿಂದ ಹೆಂಡತಿ ಕೊಟ್ಟ ವಾಯಿದೆ ಮೀರುವುದು ಖಂಡಿತ, ಜೆ.ಪಿ. ನಗರದ ಫ್ಲಾಟಿನಲ್ಲಿ ಬಟ್ಟೆ ಒಣಗಿಸುವ ಪಡಸಾಲೆಯ ಒಂದು ಗೋಡೆಯನ್ನು ಬಿಟ್ಟುಕೊಡಲು ಅವಳು ಒಪ್ಪಿದ್ದಾಳೆ, ಆದರೆ ಅಲ್ಲಿ ತೇವ ಹೆಚ್ಚು.