ಕ್ಷಾರದ ಗಿಡ

ಕೆಮಿಸ್ಟ್ರಿ ತರಗತಿಯಲ್ಲಿ ನಾವು ದಿನಾ ಹೇಳುವ ‘ಆಲ್ಕಲಿ’ ಅರಬ್ಬಿಯ ‘ಅಲ್-ಕಲಿ’ಯಿಂದ ಬಂದ ಪದ. ಉಪ್ಪುನೆಲದ ಗಿಡಗಳನ್ನು ಸುಟ್ಟಾಗ ಉಳಿಯುವ ಬೂದಿಗೆ ಆ ಹೆಸರು. ಆ ಬೂದಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಪ್ಯಾಲೆಸ್ತೀನಿನ ನಾಬ್ಲುಸ್ ಪಟ್ಟಣದ ಹೆಸರಾಂತ ಸಾಬೂನನ್ನು ಹಿಂದೆ ಆಲಿವ್ ಎಣ್ಣೆ, ಸುಣ್ಣ ಮತ್ತು ಬೆದೂಯಿನ್ ಜನ ತಂದುಕೊಡುತ್ತಿದ್ದ ಇಂಥ ಬೂದಿಯಿಂದಲೇ ಮಾಡುತ್ತಿದ್ದರು. ಒಂದು ತಮಾಷೆ ನೋಡಿ: ಹಂಫ್ರಿ ಡೇವಿ 1807ರಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಬೇರ್ಪಡಿಸಿದ. ಆದರೆ ‘ಕಲಿ’ಯಿಂದ ಬಂದ ‘ಕೇಲಿಯಂ’ ಹೆಸರು, ‘ಕೆ’ ಸಂಕೇತ ಹೋದದ್ದು ಪೊಟ್ಯಾಸಿಯಂಗೆ. ಗಿಡದ ಹೆಸರು ಒಬ್ಬನಿಗೆ, ಗಿಡ ಇನ್ನೊಬ್ಬನಿಗೆ!

ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದವರು ನನ್ನ ಉಪ್ಪ. ಅವರು ಯುಎಇಯಲ್ಲಿ ಟಿಪ್ಪರ್ ಓಡಿಸುತ್ತಾರೆ. ಕಡಲಂಚಿನ ಜೌಗು ನೆಲಕ್ಕೆ ಮರಳು ತುಂಬುವ ಕೆಲಸ. ಕಳೆದ ರಂಜಾನ್‌ನಲ್ಲಿ ಒಂದು ಗಿಡದ ಫೋಟೋ ಕಳಿಸಿ, “ಇದಕ್ಕೆ ಎಲೆಯೇ ಇಲ್ಲ ಮಗಳೇ, ಬಯಾಲಜಿ ಓದುವವಳು ನೀನು, ಏನಿದು?” ಎಂದು ಕೇಳಿದರು. ನಮ್ಮ ಮೇಡಂಗೆ ತೋರಿಸಿದೆ. ಆರ್ಥ್ರೊಕ್ನೆಮಮ್ ಮ್ಯಾಕ್ರೊಸ್ಟೇಕಿಯಮ್ ಎಂದರು. ಕಾಂಡ್ಲಾ ಕಾಡಿನ ಹಿಂದೆ, ಭರತದ ನೀರು ಆಗಾಗ ಮಾತ್ರ ಮುಟ್ಟುವ ಜಾಗದಲ್ಲಿ ಬೆಳೆಯುವ ಪೊದೆ. ಮಣಿ ಪೋಣಿಸಿದಂತೆ ಗಂಟುಗಂಟಾದ, ರಸ ತುಂಬಿದ ಹಸಿರು ರೆಂಬೆಗಳು. ಎಲೆ ಇಲ್ಲವೆಂದಲ್ಲ, ಸಣ್ಣ ಹೊರಪೆಗಳಾಗಿ ಕಾಂಡಕ್ಕೇ ಅಂಟಿಕೊಂಡಿವೆ.

ಉಪ್ಪುನೀರು ಬೇರಿನಿಂದ ನೀರನ್ನು ಹೊರಗೆಳೆಯಬೇಕು. ನಾವು ಓದಿದ ಆಸ್ಮಾಸಿಸ್ ಹೇಳುವುದು ಅದನ್ನೇ. ಈ ಗಿಡ ಮಾತ್ರ ಉಪ್ಪನ್ನು ಒಳಗೆ ಬಿಟ್ಟುಕೊಂಡು ಜೀವಕೋಶದ ವ್ಯಾಕ್ಯೂಲ್‌ನಲ್ಲಿ ಕೂಡಿಡುತ್ತದೆ. ಒಳಗಿನ ರಸ ಹೊರಗಿನ ಮಣ್ಣಿಗಿಂತ ಹೆಚ್ಚು ಗಾಢವಾದಾಗ ನೀರು ತಾನಾಗಿ ಒಳಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ದಿನಕ್ಕೆ ಎಂಟು ಲೋಡ್ ಅದರ ಮೇಲೇ ಸುರಿಯುತ್ತೇನಲ್ಲಾ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಕಾಲೇಜು ಫೀಸು, ತಮ್ಮನ ಮದ್ದು ಬರುವುದು ಆ ಎಂಟು ಲೋಡಿನಿಂದ. ತುಂಬುವ ಜಾಗವನ್ನು ಆರಿಸುವವರು ಅವರಲ್ಲ. ಆದರೂ ಆ ಪೊದೆ ಹೋದರೆ ಹಿಂದಿರುವ ಮಣ್ಣನ್ನು ಹಿಡಿದಿಡುವವರು ಯಾರು ಎಂದು ಯೋಚಿಸದೆ ಇರಲು ನನ್ನಿಂದ ಆಗುತ್ತಿಲ್ಲ.

ರಜೆಗೆ ಬರುವಾಗ ಒಣಗಿದ ಎರಡು ರೆಂಬೆ ತರಲು ಹೇಳಿದ್ದೇನೆ. ಸುಟ್ಟು, ಬೂದಿಯ ನೀರಿಗೆ ಕೆಂಪು ಲಿಟ್ಮಸ್ ಅದ್ದಿ ನೋಡಲು ಲ್ಯಾಬಿನ ಸರ್ ಒಪ್ಪಿದ್ದಾರೆ. ಮೊನ್ನೆ ಉಪ್ಪ ಹೇಳಿದರು, “ಬೇಗ ಕಿತ್ತಿಡಬೇಕು. ನಮ್ಮ ಮರಳು ಈಗ ಅದರ ಹತ್ತಿರ ಬಂದಿದೆ.”