ಬಿದ್ದದ್ದು ಯಾವ ಪಾತ್ರೆ?

ನಡುರಾತ್ರಿ ಅಡುಗೆಮನೆಯಲ್ಲಿ ಏನಾದರೂ ಬಿದ್ದರೆ ಮಲಗಿದ್ದಲ್ಲಿಂದಲೇ ತೀರ್ಪು ಕೊಟ್ಟುಬಿಡುತ್ತೇವೆ: ಸ್ಟೀಲು ತಟ್ಟೆ, ಲೋಟವಲ್ಲ, ಕೆಲಸ ಬೆಕ್ಕಿನದು. ಕಣ್ಣನ್ನು ಯಾಮಾರಿಸುವುದು ಸುಲಭ, ಸೆಕೆಂಡಿಗೆ 24 ಚಿತ್ರ ತೋರಿಸಿದರೆ ತೆಪ್ಪಗಿರುತ್ತದೆ. ಕಿವಿ ಅಷ್ಟು ಸುಲಭದ ಗಿರಾಕಿಯಲ್ಲ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ದನಿಗೆ 44,100 ಅಳತೆಗಳಿರುತ್ತವೆ.

ಅನಿಮೇಷನ್ ಮಾಡುವವರ ಸಂಕಟ ಇಲ್ಲಿಯದೇ. ಕಂಪ್ಯೂಟರಿನೊಳಗೆ ತಟ್ಟೆ ಎಷ್ಟು ಚೆನ್ನಾಗಿ ಉರುಳಿದರೂ ಸದ್ದಿಲ್ಲ. ಹಾಲಿವುಡ್ಡಿನ ಜ್ಯಾಕ್ ಫೋಲಿ ಪರದೆ ನೋಡುತ್ತ ಹೆಜ್ಜೆ ಸಪ್ಪಳ, ಬಟ್ಟೆಯ ಸರಸರ ಎಲ್ಲವನ್ನೂ ತಾನೇ ಮಾಡುತ್ತಿದ್ದ. ಆ ಕಸುಬಿಗೆ ಇಂದಿಗೂ ಅವನದೇ ಹೆಸರು. ಕುದುರೆ ಓಡಬೇಕೆಂದರೆ ತೆಂಗಿನ ಚಿಪ್ಪು ಸಾಕು ಎನ್ನುವವರ ವಂಶ ಅದು.

ಸದ್ದನ್ನೂ ಕಂಪ್ಯೂಟರಿನಲ್ಲೇ ಹುಟ್ಟಿಸಹೊರಟ ಗಣಿತದವರಿಗೆ ಚಿಪ್ಪು ಹಿಡಿಸಲಿಲ್ಲ. ಪ್ರತಿ ವಸ್ತುವೂ ತನ್ನ ಆಕಾರ, ದಪ್ಪ, ಲೋಹಕ್ಕೆ ತಕ್ಕ ತನ್ನದೇ ಬಗೆಗಳಲ್ಲಿ ಕಂಪಿಸುತ್ತದೆ. (ಮೃದಂಗದ ಕರಣೆ ಆ ಬಗೆಗಳನ್ನು ಹೇಗೆ ಶ್ರುತಿಗೂಡಿಸುತ್ತದೆಂದು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು.) ಅವನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟು, ಪೆಟ್ಟು ಬಿದ್ದ ಜಾಗ ನೋಡಿ ಬೆರೆಸಿದರೆ ‘ಟಣ್’ ಸಿದ್ಧ. ದಪ್ಪನೆಯ ವಸ್ತುಗಳಿಗೆ ಈ ಲೆಕ್ಕ ಸರಿಹೋಗುತ್ತದೆ. ತೆಳು ತಟ್ಟೆಯದು ಮಾತ್ರ ರಗಳೆ. ಜೋರಾಗಿ ಬಿದ್ದಾಗ ಅದರ ಒಂದು ಕಂಪನ ಇನ್ನೊಂದಕ್ಕೆ ಶಕ್ತಿ ದಾಟಿಸುತ್ತದೆ, ತಗ್ಗಿನ ದನಿ ಏರುದನಿಗಳನ್ನು ಎಬ್ಬಿಸುತ್ತದೆ. ಆ ಝಣಝಣ ಹುಟ್ಟುವುದು ಹಾಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಡಗ್ ಜೇಮ್ಸ್ ಮತ್ತು ಸಂಗಡಿಗರು 2009ರಲ್ಲಿ ಅದನ್ನೂ ಲೆಕ್ಕಕ್ಕೆ ತಂದರು.

ನನಗೆ ಇನ್ನೂ ಮೋಜೆನಿಸಿದ್ದು ಪಗಡೆಯ ದಾಳ. ಅಷ್ಟು ಚಿಕ್ಕ ಗಟ್ಟಿ ವಸ್ತುವಿನ ಕಂಪನ ಮನುಷ್ಯರ ಕಿವಿಗೆ ನಿಲುಕದಷ್ಟು ಎತ್ತರದ್ದು. ಆದರೂ ‘ಟಕ್’ ಕೇಳುತ್ತದಲ್ಲ? ದಾಳ ಥಟ್ಟನೆ ನಿಂತಾಗ ಸುತ್ತಲಿನ ಗಾಳಿಗೆ ಬೀಳುವ ನೂಕು ಅದು. 2012ರಲ್ಲಿ ಅದೇ ಗುಂಪು ಈ ನೂಕಿಗೂ ಲೆಕ್ಕ ಬರೆಯಿತು.

ಗಾಜು ಒಡೆದರೆ? ನೂರಾರು ಚೂರು, ಒಂದೊಂದರ ಆಕಾರವೂ ಬೇರೆ. ಎಲ್ಲದರ ಕಂಪನ ಹುಡುಕುತ್ತ ಕೂತರೆ ಸಿನಿಮಾ ಬಿಡುಗಡೆಯಾದಂತೆಯೇ. 2010ರಲ್ಲಿ ಅದೇ ಗುಂಪಿನ ಚಾಂಗ್‌ಶಿ ಝೆಂಗ್ ಮತ್ತು ಜೇಮ್ಸ್ ಒಂದು ಚೌಕಾಸಿ ಮಾಡಿದರು: ಚೂರಿನ ಬದಲು ಅದಕ್ಕೆ ಹತ್ತಿರದ, ಎಳೆದ ಉಂಡೆಯಂಥ ಆಕಾರವೊಂದನ್ನು ಇಟ್ಟು, ಮೊದಲೇ ಕೂಡಿಟ್ಟ ಸದ್ದಿನ ಭಂಡಾರದಿಂದ ದನಿ ತೆಗೆದುಕೊಟ್ಟರು. ಒಂದೇ ತಟ್ಟೆ ಬಿದ್ದರೆ ತೀರ್ಪು ಕೊಡುವ ಕಿವಿ, ರಾಶಿ ಚೂರುಗಳ ಗಲಾಟೆಯಲ್ಲಿ ಯಾರ ಹಾಜರಿಯನ್ನೂ ಕರೆಯುವುದಿಲ್ಲ. ಅಷ್ಟೆಲ್ಲ ಗಣಿತ ಬಲ್ಲವರು ಈ ಸಂದು ಹುಡುಕಿದ್ದು ನನಗೆ ತೆಂಗಿನ ಚಿಪ್ಪಿನವರ ಬುದ್ಧಿಯಾಗಿಯೇ ಕಂಡಿತು.